ಮೊಳಕಿ ಬರೂತನಕ ಗಾಡಿ ಕೊಟಗ್ಯಾಗ

ಬೀಜದ ಕಂಪನ್ಯಾಗ ನೌಕರಿ ಮಾಡಾವಗ ನಗೂದಕ್ಕ ಬರಗಾಲ ಇಲ್ಲ, ಅಳೂದಕ್ಕೂ ಇಲ್ಲ. ತೊಂಬತ್ತರ ದಶಕದಾಗ ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ, ನಾಕೂ ತಾಲೂಕಿಗೆ ಸೂರ್ಯಕಾಂತಿ ಬೀಜದ ಪ್ರಚಾರಕ್ಕ ನಾ ಒಬ್ಬಾಂವ, ನಂದೊಂದು ಹಳೇ ಮೋಟಾರ್ ಸೈಕಲ್. ಬಾಗೇವಾಡ್ಯಾಗ ಕುಂತ ನಮ್ಮ ಸಾಹೇಬ್ರು ಒಂದಿನ ಅಂದ್ರು, "ಈ ಮುಂಗಾರಿನ್ಯಾಗ ಒಬ್ಬರರ ಇಡೀ ಹೊಲಕ್ಕ ನಮ್ಮ ಬೀಜ ಬಿತ್ತಬೇಕು. ಇಲ್ಲಂದ್ರ ನಿನ್ನ ನೌಕರಿ ಮರತಬಿಡು."

ಮನ್ಯಾಗ ಹೆಂಡತಿ ಬಸುರಿ. ಮರುದಿನಾನ ಬೀಜದ ಪಾಕೀಟ ಗಾಡಿಗೆ ಹೇರಕೊಂಡು ಹೊಂಟ್ನಿ.

೧. ನಾಕು ಸಾಲಿನ ನಂಬಿಗಿ

ಸಿಂದಗಿ ಕಡೆ ಕನ್ನೊಳ್ಳ್ಯಾಗ ಒಬ್ಬ ಗೌಡ್ರು ಚಾ ಕುಡಿಸಿ, "ನಿಮ್ಮ ಮ್ಯಾಲ ಪೂರ್ತಿ ನಂಬಿಗಿ ಐತ್ರಿ" ಅಂದು ಪಾಕೀಟ ತಗೊಂಡ್ರು. ವಾರ ಬಿಟ್ಟು ಹೋಗಿ ನೋಡ್ತೇನಿ, ಹೊಲದ ತುಂಬ ಮನೀ ಬೀಜದ ತೊಗರಿ. ನಮ್ಮ ಬೀಜ ದಾರಿ ಮಗ್ಗಲಕ್ಕ ನಾಕ ಸಾಲು.

"ಗೌಡ್ರ, ನಂಬಿಗಿ ಎಲ್ಲೈತ್ರಿ?"

"ಐತಲ್ಲ, ನಾಕು ಸಾಲು!"

"ಅದೂ ದಾರಿ ಮಗ್ಗಲಕ್ಕ?"

"ಹೋಗ್ತ ಬರ್ತ ಊರ ಆಡು ಬಾಯಿ ಹಾಕ್ತಾವ್ರಿ. ಹಾಕೂದಿದ್ರ ಕಂಪನೀದಕ್ಕ ಹಾಕ್ಲಿ, ನನ್ನ ತೊಗರಿಗೆ ಯಾಕ?"

೨. ಮಾಸ್ತರ ಎಣಿಕಿ

ಇಂಡಿ ಕಡೆ ಒಬ್ಬ ಗಣಿತದ ಮಾಸ್ತರಿಗೆ ಆರು ಎಕರೆ ಹೊಲ. ಅವರು ನನ್ನಿಂದ ನೂರು ಕಾಳು ಎಣಿಸಿ ತಗೊಂಡು, ಹಸಿ ಗೋಣಿಚೀಲದಾಗ ಸುತ್ತಿಟ್ರು. ಪಾಕೀಟಿನ ಮ್ಯಾಲ ನೂರಕ್ಕ ಎಪ್ಪತ್ತು ಮೊಳಕಿ ಅಂತ ಅಚ್ಚಾಗಿತ್ತು. ಬಿಚ್ಚಿ ನೋಡಿದ್ರ ಎಂಬತ್ತೆಂಟು ಬಂದಿದ್ವು! ನಾ ಹಿಗ್ಗಿ ಹೀರೇಕಾಯಿ ಆದ್ನಿ.

ಮಾಸ್ತರು ಕನ್ನಡಕ ಇಳಿಸಿದ್ರು. "ಹದಿನೆಂಟು ಹೆಚ್ಚಿಗಿ ಬಂದಾವು."

"ಛಲೋ ಆತಲ್ರಿ ಸರ!"

"ಏನ್ ಛಲೋ? ಕಡಿಮಿ ಬಂದಿದ್ರ ಸುಳ್ಳ ಹೇಳ್ಯಾರ ಅಂತ ತಿಳಕೊಂಡು, ಅಷ್ಟು ಕಾಳು ಹೆಚ್ಚಿಗಿ ಹಾಕಿ ಬಿತ್ತತಿದ್ದೆ. ಸುಳ್ಳ ಹೇಳಾವರ ಜೋಡಿ ಬಾಳೇ ಮಾಡಬಹುದು. ಲೆಕ್ಕ ಬರಲಾರದವರ ಜೋಡಿ ಹ್ಯಾಂಗ?"

ಮೊಳಕಿ ಒಡೆದ ಕಾಳು ಸೈತ ಎಣಿಸಿ ವಾಪಸ್ ಕೊಟ್ರು.

೩. ಖಾಲಿ ಜಾಗಾ

ಕಡೀಗೆ ಉಳದದ್ದು ಮುದ್ದೇಬಿಹಾಳ ಕಡೆ ನಾಲತವಾಡ. ಅಲ್ಲಿ ಒಬ್ಬಾಕಿ ಮುದುಕಿ, ಹಳ್ಳದ ದಂಡೀಗೆ ಐದು ಎಕರೆ, ಏರಿ ಮ್ಯಾಲ ಹತ್ತು, ತಾನೇ ನಿಂತು ಮಾಡಸ್ತಿದ್ಲು.

"ಹಳ್ಳದ ಹೊಲ ಇಡೀ ಬಿತ್ತಿಸ್ತೇನಿ ತಮ್ಮಾ" ಅಂದ್ಲು. ನಾ ಆಕಿ ಕಾಲಿಗೆ ಬೀಳೂದೊಂದು ಬಾಕಿ ಇತ್ತು! "ಆದ್ರ ಮೊಳಕಿ ಬರೂತನಕ ನಿನ್ನ ಗಾಡಿ ನಮ್ಮ ದನದ ಕೊಟಗ್ಯಾಗ ಇರಲಿ."

"ಯಮ್ಮಾ, ಅದು ಕಂಪನೀದಲ್ಲ, ನನ್ನ ಸ್ವಂತದ್ದು!"

"ಅದಕ್ಕ ಕೇಳೀನಿ. ಕಂಪನೀದಾಗಿದ್ರ ನೀ ಬಿಟ್ಟು ಓಡತಿದ್ದಿ."

ಏನ್ ಮಾಡ್ಲಿ, ಕೀಲಿ ಕೊಟ್ನಿ. ಬಿತ್ತಿದ ಮರುದಿನಾನ ಕಾಗಿ ಗುಬ್ಬಿ ಕಾಳು ಕೆದರಾಕ ಹತ್ತಿದ್ವು. ಅವು ತಿಂದ್ರ ಗಾಡೀನೂ ಹೋತು, ನೌಕರೀನೂ ಹೋತು. ದಿನಾ ಬಸ್ಸಿಗೆ ಬಂದು, ಖಾಲಿ ಎಣ್ಣಿ ಡಬ್ಬಿ ಬಡಕೋತ ಹೊಲದ ತುಂಬ ಓಡ್ಯಾಡಿದ್ನಿ. ಮುದುಕಿ ಬದುವಿನ ಮ್ಯಾಲ ಕುಂತು ಎಲಿ ಅಡಕಿ ಹಾಕೋತ ಮಗ್ಗಲ ಹೊಲದಾಕೀಗೆ ಹೇಳ್ತಿದ್ಲು, "ಹಕ್ಕಿ ಕಾಯಾಕ ಆಳ ಹಚ್ಚೂದು ತಪ್ಪಿತು ನೋಡವ್ವಾ."

ಎಂಟನೇ ದಿನಕ್ಕ ಸಾಲಿಗೆ ಸಾಲು ಹಸರಾತು. ಖರೇ ಹೇಳ್ತೇನಿ, ಕಣ್ಣಾಗ ನೀರು ಬಂದ್ವು. ಸುದ್ದಿ ಕೇಳಿ ಸಾಹೇಬ್ರು ಜೀಪಿನ್ಯಾಗ ಬಂದ್ರು, ಹೊಲ ನೋಡಿ ನನ್ನ ಬೆನ್ನ ಚಪ್ಪರಿಸಿ, "ನಿನ್ನ ನೌಕರಿ ಕಾಯಂ" ಅಂದ್ರು. ನಾ ಕೊಟಗಿಗೆ ಓಡಿ, ಸೀಟಿನ ಮ್ಯಾಲ ಕುಂತಿದ್ದ ಕೋಳಿ ಎಬ್ಬಿಸಿ ಗಾಡಿ ಹೊರಗ ತಂದ್ನಿ.

ಸಾಹೇಬ್ರಿಗೆ ಅಷ್ಟಕ್ಕ ಸಾಕಾಗಲಿಲ್ಲ. "ಯಮ್ಮಾ, ಏರಿ ಮ್ಯಾಲಿನ ಹತ್ತು ಎಕರೆಗೂ ನಮ್ಮ ಬೀಜಾನ ಬಿತ್ತಸ್ರಿ. ಈಗ ನಂಬಿಗಿ ಬಂತಲ್ಲ?"

ಮುದುಕಿ ಜೀಪಿಗೆ ಒಂದು ಸುತ್ತು ಹಾಕಿ ಬಂದ್ಲು. "ಇದು ಯಾರದ್ರಿ?"

"ಕಂಪನೀದು!" ಸಾಹೇಬ್ರು ಎದಿ ಉಬ್ಬಿಸಿದ್ರು.

"ಹಂಗಾರ ಇದು ನಡ್ಯಂಗಿಲ್ಲ. ಡ್ರೈವರ ಒಯ್ಯಲಿ ಬಿಡ್ರಿ." ಆಮ್ಯಾಲ ಸಾಹೇಬ್ರನ್ನ ಮ್ಯಾಲಿಂದ ಕೆಳಗಿನತನಕ ನೋಡಿದ್ಲು. "ಎಂಟ ದಿನ ನೀವ ಇರ್ರಿ. ಕೊಟಗ್ಯಾಗ ಗಾಡಿ ನಿಂತಿದ್ದ ಜಾಗಾ ಖಾಲಿ ಐತಿ."