ಅಂಗಿಯ ಮೇಲೆ ಗಾಲ್ಬನಂ

ಎಲ್ಲ ರಗಳೆಗೂ ಕಾರಣ ಒಂದು ಬಿರಡೆ. ಹೆಬ್ಬೆರಳುದ್ದದ ಸೀಸೆ, ಅದರ ಬಾಯಿಗೊಂದು ಪುಟ್ಟ ಬಿರಡೆ. ನಿಧಾನವಾಗಿ ತಿರುಗಿಸಿ ತೆಗೆದಿದ್ದರೆ ಈ ಕತೆಯೇ ಇರುತ್ತಿರಲಿಲ್ಲ. ಆದರೆ ನಮ್ಮ ಲೇಬಲಣ್ಣನಿಗೆ ಅವತ್ತು ಬೆಳಿಗ್ಗೆ ತಾಳ್ಮೆ ಅನ್ನುವುದು ಮದ್ದಿಗೂ ಇರಲಿಲ್ಲ. ಹಲ್ಲಿನಿಂದ ಕಚ್ಚಿ ಎಳೆದ. ಬಿರಡೆ ಬಾಯೊಳಗೆ ಬಂತು, ಸೀಸೆಯಲ್ಲಿದ್ದದ್ದು ಎದೆಯ ಮೇಲೆ ಬಿತ್ತು.

ಲೇಬಲಣ್ಣ ಎಂಬುದು ಕೆಲಸದಿಂದ ಅಂಟಿಕೊಂಡ ಹೆಸರು. ಸುಗಂಧದ ಕಾರ್ಖಾನೆಯಲ್ಲಿ ಬಾಟಲಿಗಳಿಗೆ ಲೇಬಲ್ ಹಚ್ಚುವವನು ಅವನು. ಕಿಟಕಿಯಿಲ್ಲದ ಕೋಣೆ, ಒಂದು ಬೆಂಚು, ಒಂದು ಡಬ್ಬಿ ಅಂಟು. ಸೇರಿದ ದಿನದಿಂದ ಅವನ ಸಾಮ್ರಾಜ್ಯ ಇಷ್ಟೇ. ಮಹಡಿಯ ಮೇಲೆ ಮೂಸುವ ಕೋಣೆ ಇತ್ತು. ದೊಡ್ಡ ಕಿಟಕಿಗಳು, ಬಿಳಿ ಮೇಜು, ಮೆತ್ತನೆಯ ಎರಡು ಕುರ್ಚಿ. ಒಂದರಲ್ಲಿ ಕಾರ್ಖಾನೆಯ ಹಿರಿಯ ಸುಗಂಧಗಾರರು ಕೂತು ಕಾಗದದ ಪಟ್ಟಿಗಳನ್ನು ಮೂಸಿ, ಕಣ್ಣು ಮುಚ್ಚಿ, "ಹೂಂ" ಅನ್ನುತ್ತಿದ್ದರು. ಅಷ್ಟಕ್ಕೇ ಸಂಬಳ! ಎಲ್ಲರೂ ಅವರನ್ನು ಬೆನ್ನ ಹಿಂದೆ 'ದೊಡ್ಡ ಮೂಗು' ಎಂದೂ ಎದುರಿಗೆ 'ಸಾರ್' ಎಂದೂ ಕರೆಯುತ್ತಿದ್ದರು. ಇನ್ನೊಂದು ಸಹಾಯಕನ ಕುರ್ಚಿ. ಅದು ಖಾಲಿಯಾಗಿ ವರ್ಷವಾದರೂ ಅವರ ಪರೀಕ್ಷೆಯಲ್ಲಿ ಇನ್ನೂ ಯಾರೂ ಪಾಸಾಗಿರಲಿಲ್ಲ. ಲೇಬಲಣ್ಣನಿಗೆ ಆ ಕುರ್ಚಿ ಬೇಕಿತ್ತು. ಕುರ್ಚಿಗಿಂತ ಹೆಚ್ಚಾಗಿ ಆ ಕಿಟಕಿ ಬೇಕಿತ್ತು.

ಹಿಂದಿನ ಸಂಜೆ ದೊಡ್ಡ ಮೂಗು ಅವನನ್ನೂ ಕರೆದು ಸೀಸೆ ಕೊಟ್ಟಿದ್ದರು. "ಇದು ಗಾಲ್ಬನಂ. ಒಂದು ಗಿಡದ ಅಂಟು. ಸುಗಂಧಕ್ಕೆ ಹಸಿರು ತರೋದು ಇದೇ. ಪುಸ್ತಕದಲ್ಲಿ ಏನಿದೆ ಅಂತ ನನಗೆ ಬೇಡ. ನಿನಗೆ ಏನನ್ನಿಸುತ್ತೆ, ಅದನ್ನ ನಾಳೆ ಮಧ್ಯಾಹ್ನ ಬಂದು ಹೇಳು."

ಮನೆಗೆ ತಂದು ಮೂಸಿದ. ಹಸಿರು. ಮತ್ತೆ ಮೂಸಿದ. ಹಸಿರೇ. ಮಲಗುವ ಮುಂಚೆ ಇನ್ನೊಮ್ಮೆ ಮೂಸಿದ. ಕೊಂಚ ಘಾಟು ಹಸಿರು. ಅಷ್ಟು ದೊಡ್ಡವರ ಎದುರು ನಿಂತು 'ಹಸಿರು ಸಾರ್' ಅಂತ ಹೇಳಿ ಬರುವುದು ಹೇಗೆ? ಬೆಳಿಗ್ಗೆ ಎದ್ದವನೇ ಕೊನೆಯ ಪ್ರಯತ್ನ ಅಂತ ಬಿರಡೆಗೆ ಹಲ್ಲು ಹಾಕಿದ್ದು ಅದಕ್ಕೇ.

ಎದೆಯ ಮೇಲೆ ಬಿದ್ದದ್ದು ಜೇನಿನ ಹಾಗೆ ನಿಧಾನವಾಗಿ ಇಳಿಯತೊಡಗಿತು. ನೀರು ಹಾಕಿ ಉಜ್ಜಿದ. ಉಜ್ಜಿದಷ್ಟೂ ಹರಡಿತು. ಸೀಸೆಯೊಳಗೆ ಸಾಧುವಾಗಿದ್ದ ವಾಸನೆ ಅಂಗಿ ಸಿಕ್ಕ ಕೂಡಲೇ ಹುಚ್ಚೆದ್ದು ಕುಣಿಯಿತು. ಅಡುಗೆಮನೆ ದಾಟಿ, ನಡುಮನೆ ದಾಟಿ, ಮೆಟ್ಟಿಲ ಕಡೆಗೆ ಹೊರಟಿತು.

"ಏನ್ರೀ ಅದು?" ಹೆಂಡತಿ ಮೂಗಿಗೆ ಸೆರಗು ಹಿಡಿದು ಬಂದಳು. "ಅಯ್ಯೋ, ಇಸ್ತ್ರಿ ಮಾಡಿದ್ದ ಅಂಗಿ! ಉಳಿದವನ್ನೆಲ್ಲ ಈಗಷ್ಟೇ ನೆನೆಸಿದೀನಿ. ನಿಮ್ಮ ಕೈಗೆ ಏನಾದ್ರೂ ಕೊಡೋದುಂಟಾ?"

"ಬೈಯೋದು ಆಮೇಲೆ ಬೈಯಿ, ಮೊದಲು ಇದನ್ನ ತೆಗೆಯೋ ದಾರಿ ಹೇಳು. ಮೈಯಲ್ಲಿ ಒಂದಿಷ್ಟು ವಾಸನೆ ಇದ್ರೂ ಆ ಕೋಣೆಯೊಳಗೆ ಬಿಡಲ್ಲ. ಹಿಂದೊಮ್ಮೆ ತಲೆಗೆ ಎಣ್ಣೆ ಹಚ್ಚಿಕೊಂಡು ಹೋಗಿದ್ದಕ್ಕೆ ಮ್ಯಾನೇಜರನ್ನೇ ಬಾಗಿಲಿಂದ ವಾಪಸ್ ಕಳಿಸಿದಾರಂತೆ."

ಸೋಪು ತರಲು ಓಡಿದಳು. ಸೋಪಿಗೆ ಗುಲಾಬಿ ವಾಸನೆ. ಅದೂ ಬೇಡ ಅಂದ. ಅಷ್ಟರಲ್ಲಿ ಬಾಗಿಲು ದಬದಬ ಬಡಿಯಿತು. ಮೇಲಿನ ಮನೆಯ ನಿವೃತ್ತ ಮೇಷ್ಟ್ರು ಒದ್ದೆ ಟವೆಲನ್ನು ಮುಖಕ್ಕೆ ಸುತ್ತಿಕೊಂಡು ನಿಂತಿದ್ದರು.

"ಯಾರೂ ಸ್ವಿಚ್ ಮುಟ್ಟಬೇಡಿ! ಗ್ಯಾಸ್ ಸೋರ್ತಿದೆ!"

"ಗ್ಯಾಸ್ ಅಲ್ಲ ಮೇಷ್ಟ್ರೇ, ನಾನು."

ಮೇಷ್ಟ್ರು ಟವೆಲ್ ಇಳಿಸಿ, ಕನ್ನಡಕ ಸರಿಮಾಡಿಕೊಂಡು, ಬಗ್ಗಿ ಅವನ ಎದೆಯ ಹತ್ತಿರ ಮೂಗು ತಂದರು. ಬೈಯುವುದಕ್ಕೆಂದು ತೆಗೆದ ಬಾಯಿ ಹಾಗೇ ನಿಂತಿತು. ಇನ್ನೊಮ್ಮೆ ಉಸಿರೆಳೆದುಕೊಂಡರು.

"ವಿಚಿತ್ರ ಕಣಯ್ಯ. ಆಟದ ಪೀರಿಯಡ್ ಮುಗಿಸಿ ಹುಡುಗರು ಒಳಗೆ ಬರ್ತಿದ್ರಲ್ಲ, ಹುಲ್ಲಿನ ಮೇಲೆ ಬಿದ್ದು ಮೊಣಕಾಲು ತರಚಿಕೊಂಡು, ಆ ವಾಸನೆ. ಇಡೀ ಕ್ಲಾಸು ಹೀಗೇ ನಾರೋದು. ಆಗ ಬೈದು ಆಚೆ ಕಳಿಸ್ತಿದ್ದೆ." ಟವೆಲನ್ನು ಹೆಗಲಿಗೆ ಹಾಕಿಕೊಂಡು, "ಈಗ ಬಂದ್ರೆ ಬೈಯಲ್ಲ," ಅಂದರು.

ಲೇಬಲಣ್ಣನ ಕಿವಿ ನೆಟ್ಟಗಾಯಿತು. ಹುಲ್ಲು, ಮೊಣಕಾಲು! ಇಷ್ಟು ಹೊತ್ತು ಅದೇ ಮೂಗು, ಅದೇ ವಾಸನೆ. ಇದು ತನಗೆ ಯಾಕೆ ಹೊಳೆಯಲಿಲ್ಲ? ಮೇಷ್ಟ್ರು ಹೇಳಿದ ಮೇಲೆ ಮೂಸಿದರೆ ಹೌದು, ಮೊಣಕಾಲೇ.

ಹೆಂಡತಿಯ ತಾಯಿ ಒಳಕೋಣೆಯಿಂದ ಗೋಡೆ ಹಿಡಿದುಕೊಂಡು ಬಂದರು. ಅಳಿಯನ ಯಾವ ಕೆಲಸದಲ್ಲೂ ಒಂದು ಮಾತು ಸೇರಿಸದೆ ಬಿಟ್ಟವರಲ್ಲ. "ಎಲ್ಲಿ, ಈ ಕಡೆ ತಿರುಗಿ ಅಳಿಯಂದ್ರೇ," ಅಂತ ಅಂಗಿಯ ಅಂಚು ಹಿಡಿದು ಮೂಸಿದರು. "ಹಸಿ ಬಟಾಣಿ. ಬಿಡಿಸಿದ ಸಿಪ್ಪೆ ರಾಶಿ ಬಿದ್ದಿರುತ್ತಲ್ಲ, ಅದು. ಉಗುರ ಸಂದಿಯಲ್ಲಿ ಎರಡು ದಿನ ಉಳಿಯೋದು. ಬುಟ್ಟಿಗೆ ಹಾಕೋದಕ್ಕಿಂತ ಬಾಯಿಗೆ ಹಾಕ್ಕೊಳ್ಳೋದೇ ಜಾಸ್ತಿ ಅಂತ ನಮ್ಮಮ್ಮ ಕೈ ಮೇಲೆ ಹೊಡೆಯೋರು." ಅಷ್ಟು ಹೇಳಿ ತಮ್ಮ ಉಗುರುಗಳನ್ನೇ ನೋಡುತ್ತಾ ನಿಂತರು.

ಕೆಳಗಿನ ಅಂಗಡಿಯ ಟೈಲರಮ್ಮ ಕಲೆ ತೆಗೆಯುವ ಔಷಧಿ ಹಿಡಿದು ಬಂದಳು. ಬಟ್ಟೆ ಅಂದರೆ ಅವಳ ಮುಂದೆ ಯಾರೂ ಮಾತಾಡುವ ಹಾಗಿಲ್ಲ. ಅಂಗಿಯ ಮೇಲೆ ಅದನ್ನು ಸುರಿದು ಉಜ್ಜಿದಳು. ಕಲೆ ಮಾಯವಾಯಿತು, ಅಂಗಿ ಹಾಲಿನ ಹಾಗೆ ಬೆಳ್ಳಗಾಯಿತು. ವಾಸನೆ ಮಾತ್ರ ಇದ್ದಲ್ಲೇ ಇತ್ತು. ಸಾಲದ್ದಕ್ಕೆ ಒಳಗಿನ ಬನಿಯನ್ನಿಗೂ ಅದರೊಳಗಿನ ಚರ್ಮಕ್ಕೂ ಇಳಿಯಿತು.

"ನಿಮಗೆ ಏನನ್ನಿಸುತ್ತೆ?" ಲೇಬಲಣ್ಣ ಆಸೆಯಿಂದ ಎದೆ ಮುಂದೆ ಮಾಡಿದ.

"ಏನನ್ನಿಸೋದು ನಿಮ್ಮ ತಲೆ! ಹೂದಾನಿಯಲ್ಲಿ ನೀರು ಬದಲಾಯಿಸದೆ ಬಿಟ್ರೆ ಕಾಂಡ ಕೊಳೆಯುತ್ತಲ್ಲ, ಅದು." ಅಷ್ಟಕ್ಕೇ ನಿಲ್ಲಿಸಬಹುದಿತ್ತು. ನಿಲ್ಲಿಸಲಿಲ್ಲ. "ನಮ್ಮ ಯಜಮಾನ್ರು ಜಗಳ ಆಡಿ ಒಂದೇ ಒಂದು ಸಲ ಹೂ ತಂದಿದ್ರು. ನಾನೂ ಹಟಕ್ಕೆ ಬಿದ್ದು ಆ ಕಡೆ ತಿರುಗಿಯೂ ನೋಡಲಿಲ್ಲ. ಬಾಡಿದ್ದನ್ನ ಎಸೆಯೋಕೂ ಮನಸ್ಸು ಬರಲಿಲ್ಲ." ಆಮೇಲೆ ಬಾಟಲಿಯ ಮುಚ್ಚಳ ಬಿಗಿದು, "ಇನ್ನೊಂದು ಸಲ ಇಂಥದ್ದನ್ನ ಈ ಬಿಲ್ಡಿಂಗಿಗೆ ತಂದ್ರೆ ನಿಮಗೂ ನನಗೂ ಮಾತಿಲ್ಲ," ಅಂತ ಹೊರಟುಹೋದಳು. ಮನೆ ಮಾಲೀಕರ ಕಿವಿಗೆ ಹಾಕುತ್ತೇನೆ ಅಂತ ಮೇಷ್ಟ್ರೂ ಎಚ್ಚರಿಸಿ ಹೋದರು. ನೆನಪು ಮುಗಿದ ಮೇಲೆ ಇಬ್ಬರಿಗೂ ತಲೆನೋವು ಶುರುವಾಗಿತ್ತು.

ಹೊರಡುವಾಗ ಹೆಂಡತಿಯನ್ನೂ ಕೇಳಿದ.

"ಇದಾ? ಇದು ಕೋಪದ ವಾಸನೆ," ಅಂದಳು ಅವಳು. "ಹಲ್ಲು ಕಚ್ಚಿಕೊಂಡು, ಏನೂ ಆಗಿಲ್ಲ ಅಂತ ನಗ್ತಾರಲ್ಲ, ಅಂಥ ಕೋಪ."

ಯಾರ ಕೋಪ ಅಂತ ಕೇಳುವಷ್ಟು ದಡ್ಡ ಅವನಲ್ಲ.

ಬಸ್ಸಿನಲ್ಲಿ ಕೂರಲು ಜಾಗ ಸಿಕ್ಕಿತು. ಎರಡು ಸ್ಟಾಪು ದಾಟುವಷ್ಟರಲ್ಲಿ ಅಕ್ಕಪಕ್ಕ, ಹಿಂದೆ ಮುಂದೆ ಎಲ್ಲ ಕಡೆ ಜಾಗ ಆಯಿತು. ಕಂಡಕ್ಟರು ಬಂದು ಬ್ಯಾಗ್ ಬಿಚ್ಚಿಸಿದ. "ಗಿಡ ಕಿತ್ತು ಸಾಗಿಸ್ತಿದೀರಾ?"

"ಇಲ್ಲ ಸ್ವಾಮಿ, ಅಂಗಿ."

"ಅಂಗಿಯಲ್ಲಿ ಯಾವ ಗಿಡ?"

ಕೊನೆಗೆ ಅವನನ್ನು ದಾರಿಯಲ್ಲೇ ಇಳಿಸಿದರು. ಇಂಗು ತಿಂದ ಮಂಗನಂತೆ ಮುಖ ಮಾಡಿಕೊಂಡು ಉಳಿದ ದಾರಿಯನ್ನು ನಡೆದೇ ಹೋದ. ಹುಲ್ಲು, ಮೊಣಕಾಲು, ಬಟಾಣಿ, ಉಗುರು, ಹೂದಾನಿ, ಕೋಪ ಅಂತ ಗುಣುಗುಣಿಸುತ್ತಾ ನಡೆದ. ಮಧ್ಯಾಹ್ನದ ಹೊತ್ತಿಗೆ ಅವನ ಮೂಗು ಸೋತು ಕೈಚೆಲ್ಲಿತ್ತು. ವಾಸನೆ ಹೋಗಿಯೇ ಬಿಟ್ಟಿತೇನೋ ಅಂತ ಸಂತೋಷಪಟ್ಟ. ಕಾರ್ಖಾನೆಯ ಕಾವಲುಗಾರ ಮಾರು ದೂರದಿಂದಲೇ ಮೂಗು ಹಿಡಿದುಕೊಂಡು ಗೇಟು ತೆಗೆದಾಗ ಆ ಸಂತೋಷವೂ ಉಳಿಯಲಿಲ್ಲ.

ಮೂಸುವ ಕೋಣೆಯ ಬಾಗಿಲಲ್ಲಿ ನಿಂತ. ಇಲ್ಲಿಂದಲೇ ವಾಪಸ್ ಕಳಿಸುತ್ತಾರೆ. ಕಿಟಕಿಯೂ ಇಲ್ಲ, ಕುರ್ಚಿಯೂ ಇಲ್ಲ; ಜನ್ಮವಿಡೀ ಅಂಟಿನ ಡಬ್ಬಿ. ಉಸಿರು ಬಿಗಿಹಿಡಿದು ಒಳಗೆ ಕಾಲಿಟ್ಟ.

"ಬಾ, ಬಾ," ದೊಡ್ಡ ಮೂಗು ತಾವೇ ಎದ್ದು ಬಂದು ಹೆಗಲ ಮೇಲೆ ಕೈಯಿಟ್ಟರು. "ಅಂಗಿ ಎಷ್ಟು ಶುಭ್ರವಾಗಿದೆ! ಒಂಚೂರು ವಾಸನೆ ಇಲ್ಲ. ಶಿಸ್ತು ಅಂದ್ರೆ ಇದು. ಸೀಸೆ ಎಲ್ಲಿ?"

"ಖಾಲಿಯಾಯ್ತು ಸಾರ್."

"ಪೂರ್ತಿ ಮೂಸಿದೆಯಾ? ಭಲೇ!"

ತಮಾಷೆ ಮಾಡುತ್ತಿದ್ದಾರೋ, ಬೈಯುವ ಹೊಸ ಶೈಲಿಯೋ ತಿಳಿಯದೆ ಲೇಬಲಣ್ಣ ಕುರ್ಚಿಯ ತುದಿಯಲ್ಲಿ ಕೂತ. ಅವರು ತಮ್ಮ ಕುರ್ಚಿಯನ್ನು ಅವನ ಹತ್ತಿರಕ್ಕೇ ಎಳೆದುಕೊಂಡು ಕಣ್ಣು ಮುಚ್ಚಿದರು. "ಹೇಳು."

ಹೇಳಿದ. ಮೇಷ್ಟ್ರ ಮೊಣಕಾಲನ್ನು ತನ್ನ ಮೊಣಕಾಲು ಮಾಡಿಕೊಂಡ, ಅತ್ತೆಯ ಉಗುರನ್ನು ತನ್ನ ಉಗುರು. ಟೈಲರಮ್ಮನ ಹೂದಾನಿಯನ್ನೂ ತನ್ನ ಮನೆಗೇ ತಂದುಕೊಂಡ. ಕೊನೆಗೆ ಕೋಪವನ್ನೂ ಹೇಳಿ ಮುಗಿಸಿದ. ನೋಡಿದರೆ ಮುದುಕರ ಮುಚ್ಚಿದ ಕಣ್ಣಿಂದ ನೀರು ಇಳಿಯುತ್ತಿತ್ತು.

ಅಷ್ಟರಲ್ಲಿ ಸಹಿ ಹಾಕಿಸಲು ಲೆಕ್ಕದ ವಿಭಾಗದ ಹೆಂಗಸು ಬಾಗಿಲು ತೆರೆದು, "ಅಯ್ಯಯ್ಯಪ್ಪಾ!" ಅಂತ ಹಿಂದಕ್ಕೆ ಹಾರಿದಳು. "ಏನ್ ಸಾರ್ ಈ ವಾಸನೆ! ಹೇಗೆ ಕೂತಿದೀರಿ ಒಳಗೆ?"

ದೊಡ್ಡ ಮೂಗಿನ ಮುಖ ಸುಣ್ಣದಂತಾಯಿತು. "ನಾವು... ಕೆಲಸದಲ್ಲಿದೀವಿ. ಆಮೇಲೆ ಬಾಮ್ಮ," ಅಂತ ಹೇಗೋ ಅವಳನ್ನು ಸಾಗಹಾಕಿ, ಬಾಗಿಲು ಹಾಕಿ, ಚಿಲಕವನ್ನೂ ಜಡಿದು ಬಂದರು. ಆಮೇಲೆ ತಗ್ಗಿದ ದನಿಯಲ್ಲಿ ಕೇಳಿದರು: "ವಾಸನೆ... ಜೋರಾಗಿ ಬರ್ತಿದೆಯಾ?"

"ಬಸ್ಸಿಂದ ಇಳಿಸಿಬಿಟ್ರು ಸಾರ್."

"ಎಲ್ಲಿಂದ ಬರ್ತಿದೆ?"

"ನನ್ನ ಎದೆಯಿಂದ."

ಅವರು ಬಗ್ಗಿ ಅವನ ಅಂಗಿಗೆ ಮೂಗು ಒತ್ತಿ ಜೋರಾಗಿ ಉಸಿರೆಳೆದರು. ಇನ್ನೊಮ್ಮೆ ಎಳೆದರು. ತಲೆಯಾಡಿಸಿ ಹಿಂದಕ್ಕೆ ಒರಗಿದರು.

"ಕಳೆದ ಚಳಿಗಾಲ ಒಂದು ನೆಗಡಿ ಬಂತು. ನೆಗಡಿ ಹೋಯ್ತು, ಜೊತೆಗೆ ಇದನ್ನೂ ಕರಕೊಂಡು ಹೋಯ್ತು." ತಮ್ಮ ಮೂಗನ್ನು ಬೆರಳಿಂದ ತಟ್ಟಿದರು. "ಸಹಾಯಕನನ್ನ ಇಟ್ಕೊಂಡ್ರೆ ದಿನ ಬೆಳಗಾದ್ರೆ ಗೊತ್ತಾಗಿಬಿಡುತ್ತೆ. ಅದಕ್ಕೇ ಪರೀಕ್ಷೆ ಅಂತ ಒಬ್ಬೊಬ್ಬರನ್ನೇ ಕರೆದು, ಅವರು ಹೇಳಿದ್ದನ್ನ ಕೇಳಿಕೊಂಡು, ಅದನ್ನೇ ನನ್ನ ಮಾತು ಅಂತ ಒಪ್ಪಿಸಿ, ಅವರನ್ನ ಫೇಲ್ ಮಾಡಿ ಕಳಿಸ್ತಿದ್ದೆ. ಹಾಗೂ ಹೀಗೂ ವರ್ಷ ತಳ್ಳಿದೆ. ಕಾರ್ಖಾನೆಯಲ್ಲಿ ಎಲ್ಲರೂ ಮುಗಿದ್ರು. ಕೊನೆಗೆ ಉಳಿದೋನು ನೀನು."

ಲೇಬಲಣ್ಣನಿಗೆ ನಗಬೇಕೋ ಅಳಬೇಕೋ ತಿಳಿಯಲಿಲ್ಲ. ಅವರ ಮೇಲೆ ಕನಿಕರ ಉಕ್ಕಿ ಬಂತು. ತನ್ನ ಮಾತುಗಳೂ ಎರವಲು ಅಂತ ಹೇಳಿಬಿಡೋಣ ಅಂತ ಬಾಯಿ ತೆರೆದ. ಅವರು ಅವನ ಎರಡೂ ಕೈ ಹಿಡಿದುಕೊಂಡರು.

"ಆ ಬಟಾಣಿ ಸಿಪ್ಪೆ ಅಂದೆಯಲ್ಲ, ಒಂದು ಗಳಿಗೆ ನನಗೆ ವಾಸನೆ ಬಂದ ಹಾಗೇ ಆಯ್ತು ಕಣಪ್ಪ. ಇಂಥ ಮೂಗನ್ನ ನಾನು ಕಂಡೇ ಇಲ್ಲ. ಇನ್ಮೇಲೆ ಬೇರೆ ಯಾರೂ ಬೇಡ. ದಿನಕ್ಕೊಂದು ಸೀಸೆ ಕೊಡ್ತೀನಿ, ಮನೆಗೆ ತಗೊಂಡು ಹೋಗು, ಮಾರನೇ ದಿನ ಬಂದು ಹೇಳು."

ತೆರೆದ ಬಾಯಿ ಮುಚ್ಚಿಕೊಂಡಿತು. ಕಿಟಕಿಯ ಕಡೆ ನೋಡುತ್ತಾ ಕೇಳಿದ: "ಹಾಗಾದ್ರೆ ಈ ಕುರ್ಚಿ ನನಗೇ ಅಲ್ವಾ ಸಾರ್?"

"ಛೆ ಛೆ! ನಿನ್ನನ್ನ ಇಲ್ಲಿ ಕೂರಿಸಿದ್ರೆ ಜನ ಯಾಕೆ, ಏನು ಅಂತ ಕೇಳಲ್ವಾ? ನೀನೂ ಫೇಲ್ ಅಂತ ಬೋರ್ಡಿಗೆ ಹಾಕಿಸ್ತೀನಿ. ಲೇಬಲ್ ಕೋಣೆಯಲ್ಲಿದ್ರೆ ನಿನ್ನ ಮೇಲೆ ಯಾರಿಗೂ ಅನುಮಾನ ಬರಲ್ಲ. ಅಲ್ಲಿಂದ ಮಾತ್ರ ಅಲ್ಲಾಡಬೇಡ, ನಾನಿರೋವರೆಗೂ."

ಹಾಗಂದು ಮೇಜಿನ ಖಾನೆ ತೆಗೆದು ಒಂದು ಕಪ್ಪು ಸೀಸೆಯನ್ನು ಅವನ ಅಂಗೈಯಲ್ಲಿಟ್ಟರು. "ಇದು ನಾಳೆಗೆ. ಯಾವುದೋ ಪ್ರಾಣಿಯ ಮೈಯಿಂದ ತೆಗೆದದ್ದು. ಗಾಲ್ಬನಂನಷ್ಟು ಸೌಮ್ಯ ಅಲ್ಲ ಅಂತ ಕೇಳಿದೀನಿ."

ಟೈಲರಮ್ಮನನ್ನು ಹೇಗೆ ಒಪ್ಪಿಸುವುದು ಅಂತ ಯೋಚಿಸುತ್ತಾ ಲೇಬಲಣ್ಣ ಮೆಟ್ಟಿಲಿಳಿದು ಅಂಟಿನ ಡಬ್ಬಿಯ ಕಡೆ ನಡೆದ.