ಐದು ಫೂಟಿನ ಭೂಚಲನೆ

ಪೂನಂ ಮೊರದಲ್ಲಿ ತೊಗರಿಬೇಳೆ ಹರಡಿಕೊಂಡು ಹರಳು ಆರಿಸುತ್ತಿದ್ದಳು. ತುಟಿ ಬಿಚ್ಚಿರಲಿಲ್ಲ. ಬಾಯಿ ತೆರೆದರೆ ರಾತ್ರಿಯೆಲ್ಲ ಕಂಠಪಾಠ ಮಾಡಿದ ಸಮೀಕರಣಗಳು ಬೇಳೆಯ ಮೇಲೆ ಉದುರಿಬಿಡುತ್ತವೆ ಎಂಬ ಭಯ. ಮಧ್ಯಾಹ್ನ ಎರಡಕ್ಕೆ ಹುಮನಾಬಾದಿನಲ್ಲಿ ಪರೀಕ್ಷೆ. ಪಾಸಾದರೆ ಭೂವಿಜ್ಞಾನದ ಸಂಶೋಧನೆಗೆ ಸೀಟು, ಫೇಲಾದರೆ ಇದೇ ಮೊರ.

ಪಕ್ಕದ ಮನೆಯ ಮಚ್ಚೇಂದ್ರ ಕಾಕಾ ಬೈಕು ತಂದು ನಿಲ್ಲಿಸಿದ. ತಾನೇ ಬಿಟ್ಟು ಬರುತ್ತೇನೆಂದು ಅವನು ಹೇಳಿದ್ದಕ್ಕೆ ಅವಳು ಮಂಠಾಳದಿಂದ ಹುಮನಾಬಾದಿಗೆ ಹೋಗುವ ಬಸ್ಸು ಬಿಟ್ಟಿದ್ದಳು.

“ಅಷ್ಟ್ ದಪ್ಪ ಪುಸ್ತಕದಾಗ ಏನ್ ಓದಾಕತ್ತಿ?” ಗಾಡಿ ಹತ್ತಿಸಿಕೊಂಡು ಕೇಳಿದ.

“ಭೂಮಿ ಒತ್ತಡಕ್ಕ ಹ್ಯಾಂಗ ಬಾಗ್ತದ, ಹ್ಯಾಂಗ ಹರೀತದ ಅಂತ ಲೆಕ್ಕ ಕಾಕಾ. ಲಕ್ಷಗಟ್ಟಲೆ ವರ್ಷ ಒತ್ತಿದ್ರ ಕಲ್ಲೂ ಕಣಕದಂಗ ಆಗ್ತದ. ನಾವ್ ನಿಂತ ನೆಲಾನೂ ವರ್ಷಕ್ಕ ಮೂರು ಬೆರಳು ಈಶಾನ್ಯಕ್ಕ ಸರಿಯಾಕತ್ತದ.”

ಬೈಕು ಗಕ್ಕನೆ ನಿಂತಿತು. “ಮೂವತ್ತು ವರ್ಷಕ್ಕ?”

“ಐದು ಫೂಟ್ ಆಗಬಹುದು.”

ಅಷ್ಟು ಸಾಕಾಯಿತು. ಅವನ ಹೊಲದ ಈಶಾನ್ಯಕ್ಕೆ ಸುಜಾತಾ ಕಾಕಿಯ ಹೊಲ. ತನ್ನ ಐದು ಫೂಟು ಜಮೀನು ನುಂಗಿದ್ದಾನೆಂದು ಅವನ ಮೇಲೆ ದೂರು ಕೊಟ್ಟು, ಕಾಕಿ ಅಂದೇ ಸರ್ವೇಯರನ್ನು ಕರೆಸಿದ್ದಳು. ಬೈಕು ಊರ ಎತ್ತಿನಂತೆ ಹೊಲದ ಕಡೆ ಮೂತಿ ತಿರುಗಿಸಿತು.

“ಕಾಕಾ, ನನ್ನ ಪರೀಕ್ಷಾ!”

“ಐದೇ ಮಿನಿಟ್ ಬೇಟಿ. ಸರ್ವೇಯರ್ ಮುಂದ ಗವಾಹಿ ಹೇಳಿ ಹೋಗೂನು.”

ಹೊಲದಲ್ಲಿ ಸರ್ವೇಯರ್ ಜಹೀರುದ್ದೀನ್ ಟೇಪು ಹಿಡಿದು ಬೆವರುತ್ತಿದ್ದರು. ಕಾಕಾ ಎದೆ ಉಬ್ಬಿಸಿದ. “ಸಾಬ್, ನಾ ಏನೂ ನುಂಗಿಲ್ರಿ. ಭೂಮಿನೇ ಸರದದ. ಕಾಲೇಜು ಓದಿದ ಹುಡುಗಿ ಹೇಳ್ತಾಳ, ಕೇಳ್ರಿ.”

ಸುಜಾತಾ ಕಾಕಿ ಸೆರಗು ಸೊಂಟಕ್ಕೆ ಸಿಕ್ಕಿಸಿದಳು. “ನಿನ್ನ ಹೊಲ ಸರದ್ರ ನನ್ನ ಹೊಲ ಯಾಕ ಕುಂತದ? ಅದಕ್ಕೇನು ಮೊಣಕಾಲ್ ನೋವೇನು?”

“ಕಾಕಿ ಹೇಳಿದ್ದೇ ಖರೆ,” ಎಂದುಬಿಟ್ಟಳು ಪೂನಂ. “ಹೊಲ, ಗಡಿಕಲ್ಲು, ನಾವು, ಎಲ್ಲಾ ಕೂಡೇ ಸರೀತೇವಿ. ಒಂದೇ ಬಸ್ಸಿನ್ಯಾಗ ಕುಂತಂಗ.”

“ನನ್ನ ಗಾಡಿ ಮ್ಯಾಲ ಬಂದು ಆಕಿ ಕಡೀಗಿ ಮಾತಾಡ್ತಿ?” ಕಾಕಾ ಬೈಕಿನ ಕೀಲಿ ಕಿಸೆಗೆ ಇಳಿಸಿದ.

ಕೀಲಿ ಮಾಯವಾದದ್ದು ನೋಡಿ ಪೂನಂ ಮಾತು ತಿರುಗಿಸಿದಳು. ಕಾಕಾನನ್ನು ಸಮಾಧಾನ ಮಾಡಲು, “ಒಂದ್ ಬದು ನೋಡಿ ಹೇಳಾಕ ಬರಂಗಿಲ್ರಿ ಸಾಬ್. ಎಲ್ಲಿಂದ ಒತ್ತಡ ಬಂತು ಅಂತ ಆಚಿ ತುದಿತನಕ ಅಳೀಬೇಕು,” ಎಂದಳು.

ಅಷ್ಟರಲ್ಲಿ ಅವಳಪ್ಪ ಜೈಭೀಮ ಸರ್ವೇಯರಿಗೆ ಚಹಾದ ಕಿಟ್ಲಿ ಹಿಡಿದು ಬಂದ. “ನನ್ನ ಮಗಳ ಲೆಕ್ಕ ತಪ್ಪಂಗಿಲ್ರಿ. ಅಳೀರಿ, ಪೂರಾ ಅಳೀರಿ!”

ಅಳೆದರು. ಮಚ್ಚೇಂದ್ರ ಕಾಕಾನ ಹೊಲ ಬರಾಬರ್ ಇತ್ತು, ಒಂದಿಂಚೂ ಹೆಚ್ಚಿಲ್ಲ. ಆದರೆ ಇಡೀ ಹೊಲವೇ ಐದು ಫೂಟು ಈಶಾನ್ಯಕ್ಕೆ ಜರುಗಿ ಕೂತಿತ್ತು. ನೈಋತ್ಯದಿಂದ ಒತ್ತಿ ಬಂದ ಹೊಲ ಸರಿಯಾಗಿ ಐದು ಫೂಟು ದಪ್ಪವಾಗಿತ್ತು. ಭೂಮಿಯಷ್ಟೇ ತಾಳ್ಮೆಯಿಂದ, ವರ್ಷಕ್ಕೆ ಮೂರು ಬೆರಳಿನಂತೆ, ಅದರ ಮಾಲೀಕ ಬದು ಉಳುತ್ತ ಬಂದಿದ್ದ.

“ಇದು ಯಾರ ಹೊಲ?” ಎಂದರು ಜಹೀರುದ್ದೀನ್.

ಎಲ್ಲರೂ ಕಿಟ್ಲಿ ಹಿಡಿದವನ ಕಡೆ ತಿರುಗಿದರು.

ಮೊಬೈಲಿನಲ್ಲಿ ಒಂದು ಗಂಟೆ ಆಗಿತ್ತು. ಪೂನಂ ಒಬ್ಬೊಬ್ಬರ ಮುಖವನ್ನೂ ನೋಡಿದಳು. “ಯಾರರ ಒಬ್ರು ನನಗ ಹುಮನಾಬಾದಿಗಿ ಬಿಟ್ಟು ಬರ್ರಿ.”

ಅಪ್ಪ ಕಿಟ್ಲಿಯ ಮುಚ್ಚಳ ತೆಗೆದು ಒಳಗೆ ನೋಡುತ್ತ ನಿಂತ.