ಎಂಟು ರೊಟ್ಟಿಯ ಸ್ಪ್ಯಾನಿಷ್

ಪ್ರತಿ ಮನೆಯಲ್ಲೂ ಉಳಿದದ್ದನ್ನು ಮುಗಿಸುವವರು ಒಬ್ಬರು ಇರುತ್ತಾರೆ. ನಮ್ಮ ಮನೆಯಲ್ಲಿ ಅದು ನಾನು. ಬೆಳಗಿನ ಉಪ್ಪಿಟ್ಟು ಸಂಜೆಗೆ ಉಳಿದರೆ ನನ್ನ ಪಾಲು. ಮಗಳು ಅರ್ಧ ಕುಡಿದು ಬಿಟ್ಟ ಟಾನಿಕ್ಕು ನನ್ನ ಪಾಲು. ನಮ್ಮ ಮನೆಯವರಿಗೆ ಕಚ್ಚುತ್ತದೆಂದು ಮೂಲೆಗೆ ಬಿದ್ದ ಚಪ್ಪಲಿಯನ್ನು ಎರಡು ವರ್ಷ ಹಿತ್ತಲಲ್ಲಿ ಮೆಟ್ಟಿ ಸವೆಸಿದವಳೂ ನಾನೇ. ಒಮ್ಮೆಯಂತೂ ಮಗಳ ಮೊಡವೆಯ ಮುಲಾಮಿನ ಅವಧಿ ಮುಗಿಯಲು ಬಂತೆಂದು, ಮೊಡವೆಯ ಸುಳಿವೇ ಇಲ್ಲದ ನನ್ನ ಐವತ್ತಮೂರರ ಮುಖಕ್ಕೆ ದಿನಕ್ಕೆರಡು ಸಲ ಹಚ್ಚಿಕೊಂಡು ಖಾಲಿ ಮಾಡಿದೆ. ಇದಕ್ಕೆ ಜಿಪುಣತನ ಅನ್ನುವವರು ಅನ್ನಲಿ. ಕಣ್ಣೆದುರಿಗೆ ಏನಾದರೂ ಕೆಡುತ್ತಿದ್ದರೆ ನನ್ನ ಜೀವ ತಡೆಯುವುದಿಲ್ಲ. ನಾನು ಸ್ಪ್ಯಾನಿಷ್ ಭಾಷೆ ಕಲಿತದ್ದು ಕೂಡ ಹೀಗೆಯೇ, ತಾಟಿನಲ್ಲಿ ಬಿಟ್ಟದ್ದನ್ನು ಬಳಿದು ಉಂಡಂತೆ.

ನನ್ನ ಮಗಳು ಪಲ್ಲವಿ ವಿದ್ಯಾನಗರದ ಕಾಲೇಜಿನಲ್ಲಿ ಬಿ.ಕಾಂ. ಓದುತ್ತಾಳೆ. ಅವಳಿಗೆ ಒಂದು ದಿನ ಸ್ಪ್ಯಾನಿಷ್ ಕಲಿಯುವ ಹುಕಿ ಬಂತು. ಲ್ಯಾಪ್‌ಟಾಪಿನಲ್ಲೇ ಪಾಠ, ಇಡೀ ವರ್ಷದ್ದು, ಕೊನೆಗೆ ಪರೀಕ್ಷೆ, ಪಾಸಾದರೆ ಸರ್ಟಿಫಿಕೇಟು. ಆರು ವಾರ ಕಳೆಯುವಷ್ಟರಲ್ಲಿ ಹುಕಿ ಇಳಿದು ಗಿಟಾರಿನ ಕಡೆ ಹೊರಳಿತು.

"ಅವ್ವಾ, ಅದು ಬ್ಯಾಸರಾತು. ಬಿಟ್ಟೆ," ಅಂದಳು.

"ಬಿಟ್ಟಿ? ಹಂಗಾರ ಉಳಿದ ಹತ್ತ ತಿಂಗಳದ ಪಾಠ?"

"ಹೋಕ್ಕೈತಿ ಅಷ್ಟ."

ಹೋಕ್ಕೈತಿ! ಹತ್ತು ತಿಂಗಳ ಪಾಠ, ಯಾರೂ ಮುಟ್ಟದೆ, ಸುಮ್ಮನೆ ಕೆಟ್ಟುಹೋಗುತ್ತದೆ! ಮರುದಿನ ಮಧ್ಯಾಹ್ನ ಮೂರಕ್ಕೆ ಮನೆಯಲ್ಲಿ ಯಾರೂ ಇಲ್ಲದ ಹೊತ್ತು ನೋಡಿ ಲ್ಯಾಪ್‌ಟಾಪು ತೆರೆದು ಕುಳಿತೆ. ಪರದೆಯ ಮೇಲೆ ಅನಘಾ ಎಂಬ ಬೆಂಗಳೂರಿನ ಹುಡುಗಿ. ಅವಳೇ ಟೀಚರು. ನನ್ನನ್ನು ನೋಡಿ ಕಕ್ಕಾಬಿಕ್ಕಿಯಾಗಿ, "ಇಲ್ಲಿ ಪಲ್ಲವಿ ಅಂತ ಹೆಸರಿದೆಯಲ್ಲ ಆಂಟಿ?" ಎಂದು ಕೇಳಿದಳು. "ನಾ ಪಲ್ಲವಿ ತಾಯಿ ರೀ. ಆಕಿ ಬಿಟ್ಟಾಳ. ಉಳಿದಿದ್ದು ನಾ ಮುಗಸ್ತೇನಿ," ಅಂದೆ. ಪುಣ್ಯಾತ್ಗಿತ್ತಿ ನಕ್ಕು ಒಳಗೆ ಸೇರಿಸಿಕೊಂಡಳು.

ಇಲ್ಲಿ ಒಂದು ಮಾತು ಹೇಳಿಬಿಡಬೇಕು. ಇಲ್ಲದಿದ್ದರೆ ನಾನು ಕೇವಲ ಪಾಠ ಕೆಡಬಾರದೆಂದೇ ಇಷ್ಟು ಒದ್ದಾಡಿದೆ ಎಂದು ನೀವು ತಿಳಿದೀರಿ. ನಾನು ಪಿಯುಸಿ ಫೇಲು. ಇಂಗ್ಲಿಷಿನಲ್ಲಿ ಮೂರು ಅಂಕ ಕಡಿಮೆ ಬಿದ್ದವು. ಆ ಬೇಸಿಗೆಯಲ್ಲೇ ಒಳ್ಳೆಯ ವರ ಬಂತು. ಮತ್ತೆ ಪರೀಕ್ಷೆಗೆ ಕಟ್ಟಿಸುತ್ತೇವೆ ಅಂದಿದ್ದ ಅಪ್ಪ ಅದನ್ನು ಬಿಟ್ಟು ಬಾಸಿಂಗ ಕಟ್ಟಿಸಿದರು. ಅಂದಿನಿಂದ ಮೂವತ್ತೈದು ವರ್ಷ, ಹಣೆಯ ಕುಂಕುಮದಂತೆ ಈ ಫೇಲೂ ನನ್ನ ಜೊತೆಗೇ ಇದೆ. ಯಾರೂ ಹೀಯಾಳಿಸಿದ್ದಿಲ್ಲ, ಸುಳ್ಳು ಹೇಳಬಾರದು. ಆದರೆ ಮನೆಯಲ್ಲಿ ಯಾರದಾದರೂ ಓದಿನ ಮಾತು ಎದ್ದಾಗ ಎಲ್ಲರೂ ಒಬ್ಬರ ಮುಖ ಒಬ್ಬರು ನೋಡಿ, ನನ್ನ ಕಡೆ ಮಾತ್ರ ಚಹಾದ ಖಾಲಿ ಕಪ್ಪು ಚಾಚುತ್ತಿದ್ದರು. ನನಗೆ ಸಾಯುವುದರೊಳಗೆ ಒಮ್ಮೆ ಪಾಸಾಗಬೇಕಿತ್ತು. ಯಾವ ಭಾಷೆಯಲ್ಲಾದರೂ ಸರಿ.

ನಮ್ಮ ಮನೆಯವರಿಗೆ ಅಮರಗೋಳದ ಮಾರುಕಟ್ಟೆಯಲ್ಲಿ ಮೆಣಸಿನಕಾಯಿ ದಲಾಲಿ ಅಂಗಡಿ ಇದೆ. ಸಂಜೆ ಬಂದವರು ನನ್ನ ಹೊಸ ನೋಟುಬುಕ್ಕು ನೋಡಿ, "ಏನ ನಡಿಸಿ ಇದು?" ಎಂದರು.

"ಸ್ಪ್ಯಾನಿಷ್ ಕಲ್ಯಾಕತ್ತೇನ್ರಿ. ಇವತ್ತ ಒಂದು ಕ್ರಿಯಾಪದ ಕೊಟ್ಟಾರ. ಆಬ್ಲಾರ್. ಅಂದ್ರ ಮಾತಾಡೂದು."

"ಅಲ್ಲಾ, ನಿನಗ ಮಾತಾಡೂದು ಬ್ಯಾರೆ ಕಲಸಬೇಕೇನ?" ಎಂದು ಹೊಟ್ಟೆ ಹಿಡಿದುಕೊಂಡು ನಕ್ಕರು. ನಗಲಿ ಎಂದು ಬಿಟ್ಟೆ. ಮೆಣಸಿನಕಾಯಿಯ ಘಾಟಿನಲ್ಲಿ ದಿನವಿಡೀ ಸೀನುವ ಮನುಷ್ಯ, ಮನೆಯಲ್ಲಾದರೂ ನಗಬೇಡವೇ?

ಆದರೆ ಆ ಮಾತಾಡುವುದು ಎಂಬ ಒಂದು ಪದ ಇದೆಯಲ್ಲ, ಅದು ನನ್ನ ನೀರಿಳಿಸಿತು. ಇದು ಬಹಳ ಸಾಧು ಕ್ರಿಯಾಪದ, ನಿಯಮ ಬಿಟ್ಟು ಆಚೀಚೆ ಹೋಗುವುದಿಲ್ಲ ಎಂದು ಅನಘಾ ಹೇಳಿದ್ದಳು. ಸಾಧುವಿನ ಅವತಾರಗಳೇ ಇಷ್ಟಾದರೆ ತುಂಟ ಪದಗಳ ಪಾಡೇನೋ! ನಾನು, ನೀನು, ಅವನು, ನಾವು, ನೀವು, ಅವರು ಎಂದು ಒಂದೊಂದು ಕಾಲಕ್ಕೆ ಆರಾರು ರೂಪ. ಈಗ ಮಾತಾಡುವುದು ಒಂದು. ಮಾತಾಡಿ ಮುಗಿಸಿದ್ದು ಒಂದು. ಹಿಂದೆ ದಿನಾ ಮಾತಾಡುತ್ತಿದ್ದದ್ದು ಇನ್ನೊಂದು, ಇವೆರಡನ್ನೂ ಬೆರೆಸಿದರೆ ಮಹಾಪರಾಧ. ಮುಂದೆ ಮಾತಾಡುವುದಕ್ಕೊಂದು. ಸಂದರ್ಭ ಕೂಡಿ ಬಂದರೆ ಮಾತಾಡಿಯೇನು ಅನ್ನುವುದಕ್ಕೆ ಆಬ್ಲಾರಿಯಾ. ನಡುವೆ ಒಂದು ‘ರಿ’ ಇದ್ದು ಕಿವಿಗೆ ನಮ್ಮ ಕಡೆಯ ಮರ್ಯಾದಸ್ಥರ ಮಾತಿನಂತೆ ಕೇಳಿದ್ದರಿಂದ ಅದೊಂದು ಬೇಗ ಒಲಿಯಿತು. ಇಷ್ಟಕ್ಕೇ ಮುಗಿಯಲಿಲ್ಲ. ಆಸೆ, ಅನುಮಾನ, ಅಂಜಿಕೆ ಇದ್ದಲ್ಲಿ ಬಳಸಲು ಬೇರೆಯೇ ಎರಡು ಸಾಲು. ಇದೇಕಪ್ಪಾ ಇಷ್ಟು ಎಂದು ಮೊದಲು ಮೂಗು ಮುರಿದೆ. ಆಮೇಲೆ ನಮ್ಮ ಮನೆಯವರು ಫೋನಿನಲ್ಲಿ ಮಾತಾಡುವುದನ್ನು ಗಮನಿಸಿದೆ. "ಮಳಿ ಬಂದ್ರ ಮಾಲು ನಿಲ್ಲಬಹುದು, ಮಾಲು ನಿಂತ್ರ ದರ ಏರ್ಯಾವು, ಏರಲಿ ನೋಡೋಣ." ಇಡೀ ಅಮರಗೋಳ ಮಾರುಕಟ್ಟೆ ನಡೆಯುವುದೇ ಆಸೆ ಅನುಮಾನ ಅಂಜಿಕೆಯ ಆ ಎರಡು ಸಾಲುಗಳಲ್ಲಿ. ಕೊನೆಯದು ಅಪ್ಪಣೆ. ಮಾತಾಡು, ಮಾತಾಡಿರಿ, ಮಾತಾಡೋಣ. ಇದರಲ್ಲಿ ನಾನು ಅನ್ನುವುದಕ್ಕೆ ರೂಪವೇ ಇಲ್ಲ. ಯಾಕೆ ಅಂದರೆ, "ತನಗೆ ತಾನೇ ಯಾರು ಆರ್ಡರ್ ಮಾಡ್ಕೋತಾರೆ ಆಂಟಿ?" ಎಂದಳು ಅನಘಾ. ಮದುವೆಯಾಗದ ಹುಡುಗಿ. ಬೆಳಿಗ್ಗೆ ಐದಕ್ಕೆ ಏಳು, ಹಾಲು ಇಡು, ನೀರು ತುಂಬು ಎಂದು ನನಗೆ ಅಪ್ಪಣೆ ಕೊಡುವವರು ನಾನಲ್ಲದೆ ಇನ್ಯಾರು?

ಬಾಯಿಪಾಠ ಬೇಡ, ಹಾಡು ಕೇಳಿ, ಸಿನಿಮಾ ನೋಡಿ, ತಾನಾಗೇ ಬರುತ್ತದೆ ಎಂದು ಅನಘಾಳ ಉಪದೇಶ. ಒಂದು ವಾರ ಕೇಳಿದೆ, ನೋಡಿದೆ. ತಾನಾಗೇ ಬಂದದ್ದು ನಿದ್ದೆ. ನಾವು ಸಾಲಿಯ ಕಟ್ಟೆಯ ಮೇಲೆ ಸಾಲಾಗಿ ನಿಂತು ಕಂಠ ಹರಿಯುವಂತೆ ಮಗ್ಗಿ ಕೂಗಿದ ಪೈಕಿ. ನಮಗೆ ವಿದ್ಯೆ ಒಳಗೆ ಹೋಗಬೇಕಾದರೆ ಮೈ ಅಲುಗಾಡಬೇಕು. ಒಂದು ದಿನ ಬೆಳಿಗ್ಗೆ ಜೋಳದ ರೊಟ್ಟಿ ಬಡಿಯುತ್ತ ಆ ಆರು ರೂಪಗಳನ್ನು ಗೊಣಗುತ್ತಿದ್ದೆ. ಕೈ ತಾನೇ ತಾಳ ಹಿಡಿಯಿತು. ಆಬ್ಲೊ, ಆಬ್ಲಾಸ್, ಆಬ್ಲಾ ಎಂದು ಮೂರು ಪೆಟ್ಟು. ಆಬ್ಲಾಮೊಸ್, ಆಬ್ಲಾಯಿಸ್, ಆಬ್ಲಾನ್ ಎಂದು ಇನ್ನು ಮೂರು. ಆರು ಪೆಟ್ಟಿಗೆ ರೊಟ್ಟಿ ಕಲ್ಲಿನ ಮೇಲೆ ಒಂದು ಸುತ್ತು ತಿರುಗಿತು. ನಾಲ್ಕಾರು ಸುತ್ತಿಗೆ ರೊಟ್ಟಿ ಅಗಲವಾಯಿತು, ವರ್ತಮಾನ ಕಾಲ ಬಾಯಿಗೆ ಬಂತು. ಹಿಗ್ಗಿ ಹೀರೇಕಾಯಿಯಾದೆ! ಅಂದಿನಿಂದ ಒಂದು ರೊಟ್ಟಿಗೆ ಒಂದು ಕಾಲ. ಒಟ್ಟು ಎಂಟು ಕಾಲ ಎಂಟು ರೊಟ್ಟಿ, ಮೂರು ಜನರ ಮನೆಗೆ ಲೆಕ್ಕವೂ ಸರಿಹೋಯಿತು.

ಇದರ ಫಲ ಉಂಡವರು ನಮ್ಮ ಮನೆಯವರು. ಬಂದ ಪಾಠದ ರೊಟ್ಟಿ ಹೂವಿನಂತೆ ಉಬ್ಬುತ್ತಿತ್ತು, ಬಾರದ ಪಾಠದ್ದು ಅಂಚು ಒಡೆದು ದಪ್ಪಗಾಗುತ್ತಿತ್ತು. ತಿಂಗಳೊಪ್ಪತ್ತಿನಲ್ಲಿ ಅವರು ಒಂದು ತುತ್ತು ಮುರಿದು, "ಅನುಮಾನದ್ದು ಇನ್ನೂ ಬಂದಿಲ್ಲ ಕಾಣಸ್ತೈತಿ," ಎಂದು ಹೇಳುವಷ್ಟು ಪಂಡಿತರಾದರು.

ಹತ್ತು ತಿಂಗಳು ಮುಗಿದು ಪರೀಕ್ಷೆಯ ದಿನ ಬಂತು. ಬರೆಯುವುದು ಹಿಂದಿನ ವಾರವೇ ಹೇಗೋ ಆಗಿತ್ತು. ಇದು ಬಾಯಿಮಾತಿನದು, ಬೆಳಿಗ್ಗೆ ಹನ್ನೊಂದಕ್ಕೆ. ನಾನು ಇಳಕಲ್ ಸೀರೆ ಉಟ್ಟು, ಲ್ಯಾಪ್‌ಟಾಪಿಗೆ ಕುಂಕುಮ ಹಚ್ಚಿ, ಕೈಕಟ್ಟಿ ಊಟದ ಮೇಜಿನ ಮುಂದೆ ಕೂತೆ. ಪಲ್ಲವಿ ಕಾಲೇಜಿಗೆ ರಜೆ ಹಾಕಿ ಪಕ್ಕದಲ್ಲಿ ನಿಂತಿದ್ದಳು. ಪರದೆಯ ಒಂದು ಕಡೆ ಅನಘಾ, ಇನ್ನೊಂದು ಕಡೆ ಸ್ಪೇನಿನವರೇ ಆದ ಹಿರಿಯ ಹೆಣ್ಣುಮಗಳು, ಬೆಳ್ಳಿ ಕೂದಲು, ಗಂಟಿಕ್ಕಿದ ಮುಖ. ಹೆಸರು ಕಾರ್ಮೆನ್. ನಾನು ಮನಸ್ಸಿನಲ್ಲೇ ಕಾರ್ಮೆನ್ ಬಾಯಾರು ಎಂದು ಮರ್ಯಾದೆ ಕೂಡಿಸಿಕೊಂಡೆ. ಅವರು ಕೇಳಿದ್ದು ಒಂದೇ. ಆಬ್ಲಾರ್, ಎಲ್ಲ ಕಾಲ, ಎಲ್ಲ ರೂಪ.

ನನ್ನ ತಲೆ ತೊಳೆದಿಟ್ಟ ಪರಾತದಂತೆ ಖಾಲಿ. ಒಂದೇ ಒಂದು ಅಕ್ಷರ ಬರಲಿಲ್ಲ. ಮೂವತ್ತೈದು ವರ್ಷದ ಹಿಂದಿನ ಆ ಮೂರು ಅಂಕ ಕಣ್ಣೆದುರು ಬಂದು ನಿಂತವು. "ನಿಧಾನವಾಗಿ ಆಂಟಿ, ನಿಮಗೆ ಬರುತ್ತೆ," ಎಂದಳು ಅನಘಾ. ಬರುತ್ತದೆ ನಿಜ, ಆದರೆ ಎಲ್ಲಿಂದ? ಆಗ ನೋಡಿದೆ, ಮೇಜಿನ ಕೆಳಗೆ ನನ್ನ ಬಲಗೈ ತೊಡೆಯ ಮೇಲೆ ತಟತಟ ಬಡಿಯುತ್ತಿದೆ. ಹತ್ತು ತಿಂಗಳು ಕಲಿತದ್ದು ನನ್ನ ತಲೆಯಲ್ಲಿ ಇರಲೇ ಇಲ್ಲ. ಅಷ್ಟೂ ಕೈಯಲ್ಲಿತ್ತು!

"ಅನಘಾ, ನಾ ಹಿಟ್ಟ ಇಟ್ಟಕೊಂಡ್ರ ನಡೀತೈತೇನ ಕೇಳವಾ," ಅಂದೆ.

ಅನಘಾ ಸ್ಪ್ಯಾನಿಷಿನಲ್ಲಿ ಏನೋ ಹೇಳಿದಳು. ಬಾಯಾರ ಹುಬ್ಬು ಮೇಲೇರಿತು. ಪುಸ್ತಕ, ಚೀಟಿ, ಫೋನು ಇಟ್ಟುಕೊಳ್ಳಬಾರದೆಂದು ನಿಯಮವಿತ್ತು, ಹಿಟ್ಟಿನ ಬಗ್ಗೆ ಯಾರೂ ಏನೂ ಬರೆದಿರಲಿಲ್ಲ. ರೊಟ್ಟಿ ಬಡಿಯುವ ಕಲ್ಲಿನ ಎರಡೂ ಬದಿ ತೋರಿಸಬೇಕು, ಬೇರೆ ಯಾರೂ ಮಾತಾಡಕೂಡದು ಎಂದು ಅಪ್ಪಣೆಯಾಯಿತು. ಪಲ್ಲವಿ ಲ್ಯಾಪ್‌ಟಾಪು ಹೊತ್ತು ಅಡುಗೆಮನೆಗೆ ಓಡಿದಳು. ನಾನು ಕಲ್ಲನ್ನು ಮಗುಚಿ ತೋರಿಸಿದೆ, ಸೆರಗು ಸಿಕ್ಕಿಸಿದೆ, ಬಿಸಿನೀರು ಹಾಕಿ ಹಿಟ್ಟು ನಾದಿದೆ. ಮೊದಲ ಪೆಟ್ಟು ಬಿದ್ದದ್ದೇ ತಡ, ಆಬ್ಲೊ ಬಂತು, ಆಬ್ಲಾಸ್ ಬಂತು, ಹಿಂದೆ ಹಿಂದೆಯೇ ಇಡೀ ಸಂಸಾರ ಬಂತು!

ವರ್ತಮಾನ ಬಡಿದು ಹಂಚಿಗೆ ಹಾಕಿದೆ. ಎರಡನೆಯ ಉಂಡೆ ಎತ್ತಿದ ಮೇಲೆ ನೆನಪಾಯಿತು, ಬೇಯಿಸುವವರು ಯಾರು? ನಾನು ಹಂಚಿನ ಕಡೆ ತಿರುಗಿದರೆ ತಾಳ ತಪ್ಪುತ್ತದೆ. ಪಲ್ಲವಿಯ ಕೈಯಲ್ಲಿ ಲ್ಯಾಪ್‌ಟಾಪು. ಅಷ್ಟರಲ್ಲಿ ಬಾಗಿಲ ಮರೆಯಿಂದ ನಮ್ಮ ಮನೆಯವರು ಬಂದರು. ಚಷ್ಮಾ ಮರೆತೆ ಎಂಬ ನೆವ ಮಾಡಿ ಅಂಗಡಿ ಬಿಟ್ಟು ಬಂದಿದ್ದರಂತೆ. ಚಷ್ಮಾ ಮೂಗಿನ ಮೇಲೇ ಇತ್ತು. ಹುಟ್ಟಿದಾಗಿನಿಂದ ಹಂಚು ಮುಟ್ಟದ ಮನುಷ್ಯ ಇಕ್ಕಳ ಹಿಡಿದು ನಿಂತರು. ರೊಟ್ಟಿ ಹೊಳ್ಳಿ ಹಾಕಲೇ ಎಂದು ಕಣ್ಣಲ್ಲಿ ಕೇಳುತ್ತಾರೆ, ನಾನು ಗೋಣು ಆಡಿಸುತ್ತೇನೆ, ಬಾಯಲ್ಲಿ ಭೂತಕಾಲ. ಮೊದಲನೆಯದು ಕರಕಲಾಯಿತು. ಎರಡನೆಯದು ಹಸಿ. ಮೂರನೆಯದು ಉಬ್ಬಿತು, ಅವರ ಮುಖವೂ ಉಬ್ಬಿತು.

ಏಳನೆಯದಕ್ಕೆ, ಆ ಅನುಮಾನದ ಎರಡನೆಯ ಸಾಲಿನಲ್ಲಿ, ಸಿಕ್ಕಿಬಿದ್ದೆ. ನಾವು ಅನ್ನುವ ರೂಪ ಬರಲೊಲ್ಲದು. ಬರಿದೇ ಬಡಿದೆ, ಬಡಿದೆ, ರೊಟ್ಟಿ ತೆಳ್ಳಗಾಗಿ ಹರಿಯಲು ಬಂತು. ನಮ್ಮ ಮನೆಯವರು ಇಕ್ಕಳದಿಂದ ಗಾಳಿಯಲ್ಲೇ ತಾಳ ಹಾಕತೊಡಗಿದರು. ನಾಲ್ಕನೆಯ ಪೆಟ್ಟಿಗೆ "ಆಬ್ಲಾರಾಮೊಸ್" ಎಂದು ಬಾಯಿಂದ ಸಿಡಿಯಿತು! ಇನ್ನು ನನ್ನನ್ನು ಹಿಡಿಯುವವರು ಯಾರು? ಎಂಟನೆಯ ರೊಟ್ಟಿಯ ಮೇಲೆ ಅಪ್ಪಣೆಯ ಐದೂ ರೂಪಗಳನ್ನು ಓಣಿಯ ತುದಿಗೆ ಕೇಳುವಂತೆ ಹೊಡೆದು, ಹಿಟ್ಟಿನ ಕೈಯಲ್ಲೇ ನಮಸ್ಕಾರ ಮಾಡಿದೆ. ಕಾರ್ಮೆನ್ ಬಾಯಾರು ಎದ್ದು ನಿಂತು ಚಪ್ಪಾಳೆ ತಟ್ಟಿದರು. ಆ ಗಂಟುಮುಖದಲ್ಲಿ ಅಷ್ಟು ಹಲ್ಲುಗಳಿವೆ ಎಂದು ಯಾರಿಗೆ ಗೊತ್ತಿತ್ತು?

ನೂರಕ್ಕೆ ಎಂಬತ್ತೊಂಬತ್ತು. ಪಾಸು! ಸಂಜೆ ಫಲಿತಾಂಶ ಓದಿದ ಪಲ್ಲವಿ ನನ್ನನ್ನು ಅಪ್ಪಿಕೊಂಡು ಅತ್ತಳು, ನಾನೂ ಅತ್ತೆ. ನಮ್ಮ ಮನೆಯವರು ಓಣಿಯ ಇಪ್ಪತ್ತು ಮನೆಗೂ ತಾವೇ ಪೇಡೆ ಹಂಚಿ ಬಂದರು. "ನಮ್ಮಾಕಿ ಪಾಸಾದಳ್ರೀ," ಎಂದು ಪ್ರತಿ ಬಾಗಿಲಲ್ಲಿ ಹೇಳುತ್ತಿದ್ದದ್ದು ನನ್ನ ಕಿವಿಗೆ ಬೀಳುತ್ತಿತ್ತು. ಮೂವತ್ತೈದು ವರ್ಷ ಕಾದದ್ದು ಸಾರ್ಥಕ ಅನ್ನಿಸಿತು. ಅಂದು ರಾಣಿಯಂತೆ ಮಲಗಿದೆ.

ಮರುದಿನ ಬೆಳಿಗ್ಗೆ ಒಂಬತ್ತಕ್ಕೆ ಮೆಹರುನ್ನಿಸಾ ಬಂದರು. ನಮ್ಮ ಓಣಿಯ ಮಹಿಳಾ ಮಂಡಳದ ಕಾರ್ಯದರ್ಶಿ, ಹೊಲಿಗೆ ತರಗತಿ ನಡೆಸುತ್ತಾರೆ. ಕೈಯಲ್ಲಿ ದಪ್ಪನೆಯ ಫೈಲು.

"ಅಕ್ಕಾರ, ಈ ಸಲ ಮಂಡಳದ ವಾರ್ಷಿಕ ವರದಿ ನೀವ ಬರೀಬೇಕ್ರಿ. ಸಭಾದಾಗ ಓದೂದೂ ನೀವ."

"ಅಯ್ಯ, ನಾ ಫೇ..." ಎಂದು ಬಾಯಿ ತೆರೆದೆ. ಅಭ್ಯಾಸಬಲ. ಅರ್ಧಕ್ಕೇ ನಿಂತಿತು. ಒಳಗಿನಿಂದ ನಮ್ಮ ಮನೆಯವರು, "ಬರೀತಾಳ, ಬರೀತಾಳ, ಇಟ್ಟ ಹೋಗ್ರಿ. ಹಂಗ ನಮ್ಮ ಮಾರುಕಟ್ಟಿ ಸಂಘದ್ದೂ ಒಂದು ಅರ್ಜಿ ಐತಿ," ಎಂದು ಕೂಗಿದರು.

ಆಗ ನನಗೆ ಹೊಳೆಯಿತು, ನಾನು ಕಳೆದುಕೊಂಡದ್ದು ಏನೆಂದು. ಇಷ್ಟು ವರ್ಷ ವರದಿ, ಅರ್ಜಿ, ಬ್ಯಾಂಕಿನ ಫಾರ್ಮು, ಭಾಷಣ ಏನೇ ಬಂದರೂ, "ನಾ ಪಿಯುಸಿ ಫೇಲ್ರೀ, ನನಗೇನ ತಿಳೀತೈತಿ," ಎಂದು ಮುಖ ಸಣ್ಣದು ಮಾಡಿದರೆ ಸಾಕಿತ್ತು, ಪಾಪ ಎಂದು ಬೇರೆಯವರು ಮಾಡಿಕೊಳ್ಳುತ್ತಿದ್ದರು. ಅವಮಾನ ಎಂದು ಒಳಗೊಳಗೇ ಕೊರಗಿದ್ದು ಎಷ್ಟು ನಿಜವೋ, ಅದರ ನೆರಳಿನಲ್ಲಿ ತಣ್ಣಗೆ ಕೂತಿದ್ದೂ ಅಷ್ಟೇ ನಿಜ. ಹತ್ತು ತಿಂಗಳು ಕಷ್ಟಪಟ್ಟು ಆ ನೆರಳನ್ನು ನಾನೇ ಕಡಿದುಹಾಕಿದೆ.

ವರದಿ ನಾಳೆ ಸಂಜೆಯೊಳಗೆ ಮುಗಿಯಬೇಕು. ಫೈಲು ನನ್ನ ಮುಂದೆಯೇ ಇದೆ, ಇನ್ನೂ ತೆರೆದಿಲ್ಲ. ಮೆಹರುನ್ನಿಸಾ ಎರಡು ಸಲ ಬಂದು ಇಣುಕಿ ನೋಡಿದರು. ನಾನು ತಲೆ ಎತ್ತದೆ ಬರೆಯುವುದನ್ನು ಕಂಡು, ಸದ್ದು ಮಾಡಬಾರದೆಂದು ತುದಿಗಾಲಲ್ಲೇ ಹಿಂದಿರುಗಿದರು. ಪಾಪ, ನಾನು ನಿಮಗೆ ಇದನ್ನು ಬರೆಯುತ್ತಿದ್ದೇನೆ ಎಂದು ಅವರಿಗೆ ಗೊತ್ತಿಲ್ಲ.